ಗಂಧದೆಣ್ಣೆಯೂ ಸೋಪ್ ಶಾಸ್ತ್ರಿಗಳೂ

ಮೈಸೂರು ಗಂಧದ ಸಾಬೂನಿನ ಕಥೆ ಹೇಳುವವರು ಅರಮನೆಯಿಂದಲೇ ಆರಂಭಿಸುವುದು ವಾಡಿಕೆ. ಅದರ ಬೇರು ಪ್ರಯೋಗಶಾಲೆಯಲ್ಲಿದೆಯೆಂದೇ ನನ್ನ ಎಣಿಕೆ.

1914ರಲ್ಲಿ ಮಹಾಯುದ್ಧ ಹೊತ್ತಿಕೊಳ್ಳುವವರೆಗೆ ಸಂಸ್ಥಾನ ಗಂಧದ ಕೊರಡುಗಳನ್ನು ಮಾರಿ ಕೈತೊಳೆದುಕೊಳ್ಳುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಬಹುಮಟ್ಟಿಗೆ ಜರ್ಮನಿಯಲ್ಲಿ ನಡೆಯುತ್ತಿತ್ತು. ಹಡಗಿನ ದಾರಿ ಕಟ್ಟಿತು, ಮರ ಉಳಿಯಿತು. ಆಗ ಕೈಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕಡೆ ನೋಡಿದರು. ಅಲ್ಲಿ ಪಾಠ ಶುರುವಾದದ್ದೇ 1911ರಲ್ಲಿ. ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಅಲ್ಲಿಯೇ ಎಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿದ್ದಾಯಿತು.

ಹೇಳುವುದು ಸುಲಭ. ಗಂಧದ ಚೇಗನ್ನೂ ಬೇರನ್ನೂ ಪುಡಿಮಾಡಿ ಉಗಿ ಹಾಯಿಸಬೇಕು. ಉಗಿಯೊಡನೆ ಬಂದ ಎಣ್ಣೆ ತಣಿದಾಗ ನೀರಿನ ಮೇಲೆ ತೇಲುತ್ತದೆ. ಆದರೆ ಗಂಧದ ಮರ ಮಹಾ ಜಿಪುಣ. ಹಗಲಿರುಳು ಉಗಿ ಹಾಯಿಸಿದರೂ ನೂರು ಸೇರು ಮರಕ್ಕೆ ಸಿಕ್ಕುವುದು ನಾಲ್ಕೈದು ಸೇರು ಎಣ್ಣೆ. ಗಾಜಿನ ಪಾತ್ರೆಯಲ್ಲಿ ಹಿಡಿ ಪುಡಿಯಿಂದ ತೆಗೆದದ್ದನ್ನು ಮಣಗಟ್ಟಲೆ ಮರದಿಂದ ತೆಗೆಯ ಹೊರಟಾಗ ಪುಸ್ತಕ ಕೈಬಿಡುತ್ತದೆ. ಪುಡಿ ಎಷ್ಟು ನುಣುಪಾಗಿರಬೇಕು, ಉಗಿ ಎಷ್ಟು ಜೋರಾಗಿರಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೆಲ್ಲ ಹಂಡೆಯ ಪಕ್ಕದಲ್ಲಿ ಬೆವರುತ್ತ ನಿಂತವನೇ ಕಲಿಯಬೇಕು.

ಎಣ್ಣೆಯಿಂದ ಸಾಬೂನಿಗೆ ಹೋಗುವಾಗ ದಿವಾನ್ ವಿಶ್ವೇಶ್ವರಯ್ಯನವರು ಈ ಮಾತನ್ನು ಮರೆಯಲಿಲ್ಲ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ತಯಾರಿಕೆ ಕಲಿತು ಬರಲೆಂದು ಇಂಗ್ಲೆಂಡಿಗೆ ಕಳುಹಿಸಿದರು. ರಸಾಯನಶಾಸ್ತ್ರ ಬಲ್ಲವರಿಗೆ ಸಾಬೂನು ಮಾಡುವುದನ್ನೇನು ಕಲಿಸುವುದು ಎನ್ನಬಹುದಾಗಿತ್ತು. ಕೊಬ್ಬು, ಕ್ಷಾರ ಕೂಡಿದರೆ ಸಾಬೂನು ಎಂದು ಶಾಲೆಯ ಹುಡುಗನೂ ಒಪ್ಪಿಸುತ್ತಾನೆ! ಬಿಲ್ಲೆ ಬಿರಿಯದಂತೆ, ಪರಿಮಳ ಆರದಂತೆ ಮಾಡುವುದು ಬೇರೆಯೇ ವಿದ್ಯೆ.

ಆ ಅವಕಾಶ ನಮ್ಮಲ್ಲಿ ಎಷ್ಟು ಮಂದಿಗೆ ಸಿಕ್ಕಿತು? ನಾನು ಬಿ.ಎಸ್‌ಸಿ. ಓದುವಾಗ ನಮ್ಮನ್ನೂ ಒಂದು ಕಾರ್ಖಾನೆಗೆ ಕರೆದೊಯ್ದರು. ಸಾಲಾಗಿ ನಡೆಸಿ, ಏನನ್ನೂ ಮುಟ್ಟಬೇಡಿರೆಂದು ಎಚ್ಚರಿಸಿ, ಕಾಫಿ ಕೊಟ್ಟು ಗಂಟೆಯೊಳಗೆ ಹೊರಗೆ ಬಿಟ್ಟರು. ನಾವು ಅದನ್ನು ದಫ್ತರದಲ್ಲಿ ಶೈಕ್ಷಣಿಕ ಪ್ರವಾಸವೆಂದು ಬರೆದುಕೊಂಡೆವು. ವಿಜ್ಞಾನದ ವಿದ್ಯಾರ್ಥಿಗೆ ಬೇಕಾದದ್ದು ಕಾಫಿಯಲ್ಲ, ಅಲ್ಲಿ ಆರು ತಿಂಗಳ ದುಡಿಮೆ, ಜೊತೆಗೆ ತಪ್ಪಿದಾಗ ಗದರುವ ಮೇಸ್ತ್ರಿ.

ಶಾಸ್ತ್ರಿಗಳು ಕಲಿತು ಮರಳಿದರು. 1918ರ ಹೊತ್ತಿಗೆ ಸರ್ಕಾರಿ ಸಾಬೂನು ಪೇಟೆಗೆ ಬಂದಿತ್ತು. ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಚಪ್ಪಟೆ ಬಿಲ್ಲೆಗಳ ನಡುವೆ ತಮ್ಮದು ಮೊಟ್ಟೆಯಾಕಾರದಲ್ಲಿರಲಿ, ಪೆಟ್ಟಿಗೆ ಒಡವೆಯ ಕರಡಿಗೆಯಂತಿರಲಿ ಎಂದು ಗೊತ್ತುಮಾಡಿದವರೂ ಅವರೇ ಎನ್ನುತ್ತಾರೆ. ಅದರ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ.