ರೋಣ ತಾಲ್ಲೂಕಿನ ಎರಡು ಮೋಟಾರು ಚಿತ್ರಗಳು: ತಯಾರಿಕೆ ಮತ್ತು ಕಾಲನಿರ್ಣಯ

1. ಆಕರ

ರೋಣ ತಾಲ್ಲೂಕಿನ ಒಂದು ಒಕ್ಕಲು ಮನೆತನದಲ್ಲಿ ಉಳಿದಿರುವ ಎರಡು ಹಳೆಯ ಛಾಯಾಚಿತ್ರಗಳು ಈ ಟಿಪ್ಪಣಿಯ ಆಕರ. ‘ಅ’ ಚಿತ್ರದಲ್ಲಿ ಕಾರಿನ ಎಡಮಗ್ಗುಲು ಪೂರ್ತಿ ಕಾಣುತ್ತದೆ. ‘ಆ’ ಚಿತ್ರವನ್ನು ಮುಂಭಾಗದಿಂದ, ಸ್ವಲ್ಪ ಓರೆಯಾಗಿ ತೆಗೆಯಲಾಗಿದೆ. ‘ಅ’ ಚಿತ್ರದ ಹಿಂಬದಿಯಲ್ಲಿ ಶಾಯಿಯಲ್ಲಿ ಬರೆದ ಸಂವತ್ಸರದ ಹೆಸರಿದೆ. ಅದರಲ್ಲಿ ‘ಕ್ರೋಧ’ ಎಂಬಷ್ಟು ಸ್ಪಷ್ಟ. ಧಕಾರದ ಮೇಲ್ಭಾಗವೂ ಮುಂದಿನ ಜಾಗವೂ ಸವೆದಿವೆ. ಮನೆಯವರು ಇದನ್ನು ‘ಕ್ರೋಧಿ’ ಎಂದು ಓದಿ, ಕಾರು 1904-05ರದು, ಈ ಸೀಮೆಗೆ ಬಂದ ಮೊದಲ ಮೋಟಾರು ಎಂದು ಹೇಳುತ್ತ ಬಂದಿದ್ದಾರೆ.

2. ಚಿತ್ರ ತಿರುವುಮುರುವಾಗಿದೆಯೇ

ನೆಗೆಟಿವ್ ಮಗುಚಿ ಅಚ್ಚು ಹಾಕಿದ್ದರೆ ಎಡ-ಬಲ ಅದಲುಬದಲಾಗಿ, ಸ್ಟೀರಿಂಗ್ ಆಧರಿಸಿದ ತರ್ಕವೆಲ್ಲ ಬಿದ್ದುಹೋಗುತ್ತದೆ. ಎರಡೂ ಚಿತ್ರಗಳಲ್ಲಿ ಹಿರಿಯರೊಬ್ಬರ ಕೋಟಿನ ಎದೆಜೇಬು ಅವರ ಎಡಕ್ಕೇ ಇದೆ, ಕೋಟಿನ ಎಡ ಅಂಚು ಬಲ ಅಂಚಿನ ಮೇಲೆ ಬಂದಿದೆ. ಆದ್ದರಿಂದ ಚಿತ್ರಗಳು ನೇರವಾಗಿವೆ, ಸ್ಟೀರಿಂಗ್ ಬಲಗಡೆಯದೇ ಎಂದು ಇಟ್ಟುಕೊಳ್ಳಬಹುದು.

3. ಅಳತೆ ಮತ್ತು ಅದರ ಮಿತಿ

‘ಅ’ ಚಿತ್ರದಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರವನ್ನು ಟೈರಿನ ಹೊರವ್ಯಾಸದಿಂದ ಭಾಗಿಸಿದರೆ 3.3ರಿಂದ 3.4ರೊಳಗಿನ ಪ್ರಮಾಣ ಬರುತ್ತದೆ. ಫೋರ್ಡ್ ಮಾಡೆಲ್ ಟಿ ಕಾರಿನ ಅಚ್ಚಿನ ಅಂತರ 100 ಇಂಚು, ಟೈರು 30 ಇಂಚು, ಪ್ರಮಾಣ 3.33. ಓವರ್‌ಲ್ಯಾಂಡ್ 4 ಕಾರಿನದೂ 100 ಇಂಚೇ. ಷೆವ್ರೊಲೆ 490ರದು 102 ಇಂಚು, ಪ್ರಮಾಣ 3.4. ಈ ಮೂರರ ನಡುವಿನ ವ್ಯತ್ಯಾಸ ಶೇ. 2ರಷ್ಟು. ಕ್ಯಾಮರಾದ ಕೋನದಿಂದಲೇ ಅದಕ್ಕಿಂತ ಹೆಚ್ಚಿನ ತಪ್ಪು ಬರಬಹುದು. 114 ಇಂಚಿನ ಡಾಡ್ಜ್‌ನಂಥ ದೊಡ್ಡ ಕಾರುಗಳನ್ನು ಬದಿಗಿಡಲು ಅಳತೆ ನೆರವಾಗುತ್ತದೆ, ಅದರಾಚೆಗೆ ಅಲ್ಲ. ಇಂಥ ಚಿತ್ರಗಳಲ್ಲಿ ಅಳತೆಯೊಂದರಿಂದಲೇ ತಯಾರಕರನ್ನು ಹೆಸರಿಸುವ ರೂಢಿಯನ್ನು ಒಪ್ಪುವುದು ಕಷ್ಟ.

4. ಕಮಾನುಪಟ್ಟಿ

ನಿರ್ಣಾಯಕ ಗುರುತು ‘ಆ’ ಚಿತ್ರದಲ್ಲಿದೆ. ರೇಡಿಯೇಟರಿನ ಕೆಳಗೆ, ಎರಡು ಗಾಲಿಗಳ ನಡುವೆ, ಅಡ್ಡಲಾಗಿ ಬಾಗಿದ ಒಂದೇ ಕಮಾನುಪಟ್ಟಿ ಕಾಣುತ್ತದೆ. ಅದರ ನಡು ಎತ್ತರದಲ್ಲಿದೆ, ತುದಿಗಳು ಅಚ್ಚಿನ ಕಡೆಗೆ ಇಳಿದಿವೆ. ಮಾಡೆಲ್ ಟಿಯ ಮುಂದಿನ ಜೋಡಣೆ ಹೀಗೇ ಇತ್ತು. ಷೆವ್ರೊಲೆ 490ರಲ್ಲಿ ಚೌಕಟ್ಟಿನ ಎರಡು ಬದಿಗೂ ಬೇರೆಬೇರೆ ಕಾಲು ಕಮಾನುಗಳಿರುತ್ತವೆ; ಓವರ್‌ಲ್ಯಾಂಡ್ 4ರಲ್ಲಿ ಅವು ಓರೆಯಾಗಿ ಕೂಡುತ್ತವೆ. ಆದ್ದರಿಂದ ಕಾರು ಮಾಡೆಲ್ ಟಿ ಎಂಬುದು ಹೆಚ್ಚು ಕಡಿಮೆ ಖಚಿತ.

‘ಅ’ ಚಿತ್ರದಲ್ಲಿ ಮುಂದಿನ ಎಡಬಾಗಿಲು ಅರ್ಧ ತೆರೆದಿದ್ದು, ಅದರ ಅಂಚು ಹಿಡಿದು ಒಬ್ಬ ಹುಡುಗ ಕಾಲ್ಮೆಟ್ಟಿನ ಮೇಲೆ ನಿಂತಿದ್ದಾನೆ. ಆ ಕಾಲದ ಅಮೆರಿಕದ ಟೂರಿಂಗ್ ಮಾದರಿಯಲ್ಲಿ ಈ ಜಾಗದಲ್ಲಿ ಬಾಗಿಲಿನ ಗೆರೆ ಒತ್ತಿದ ತಗಡು ಮಾತ್ರ ಇರುತ್ತಿತ್ತು. ಬಲಗಡೆ ಸ್ಟೀರಿಂಗ್, ತೆರೆಯುವ ಎಡಬಾಗಿಲು ಎರಡೂ ಸೇರಿ ಕೆನಡಾದ ತಯಾರಿಕೆಯ ಕಡೆಗೆ ಬೆರಳು ಮಾಡುತ್ತವೆ. ಭಾರತವೂ ಸೇರಿದಂತೆ ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗಕ್ಕೆ ಫೋರ್ಡ್ ಕಾರುಗಳನ್ನು ಪೂರೈಸುತ್ತಿದ್ದುದು 1904ರಲ್ಲಿ ಸ್ಥಾಪನೆಯಾದ ಕೆನಡಾದ ಫೋರ್ಡ್ ಕಂಪನಿ. ಅದರ ಅಂಗವಾದ ಭಾರತದ ಕಂಪನಿ ಹುಟ್ಟಿದ್ದು 1926ರಲ್ಲಿ.

5. ಕಾಲ

ಮಾಡೆಲ್ ಟಿ ತಯಾರಾದದ್ದು 1908ರಿಂದ 1927ರವರೆಗೆ. ಅಲ್ಲಿಗೆ 1904-05ರ ವಾದ ನಿಲ್ಲುವುದಿಲ್ಲ.

1916ರ ಮಾದರಿಯವರೆಗೆ ರೇಡಿಯೇಟರಿನ ಕವಚ ಹಿತ್ತಾಳೆಯದು, 1917ರ ಮಾದರಿಯಿಂದ ಕಪ್ಪು. ಚಿತ್ರದಲ್ಲಿ ಅದು ಕಪ್ಪಾಗಿಯೇ ಕಾಣುತ್ತದೆ, ಆದರೆ ಇದನ್ನೇ ನೆಚ್ಚುವಂತಿಲ್ಲ. ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುವ ಸಾದಾ ಪ್ಲೇಟಿನಲ್ಲಿ ಹಳದಿಯೂ ಕೆಂಪೂ ಕಪ್ಪಿಗೆ ತಿರುಗುತ್ತವೆ. ಮಾಸಿದ ಹಿತ್ತಾಳೆ ಕಪ್ಪಾಗಿ ಬಿದ್ದಿರಲೂಬಹುದು. (ಕಾರಿನ ಮೂಲ ಬಣ್ಣ ಯಾವುದೆಂಬ ಮನೆಯವರ ಪ್ರಶ್ನೆಗೂ ಇದೇ ಅಡ್ಡಿ.) ಬಣ್ಣಕ್ಕಿಂತ ಆಕಾರ ನಂಬಿಕಸ್ಥ. 1916ರವರೆಗಿನ ಬಾನೆಟ್ ಚಪ್ಪಟೆ ತಗಡುಗಳನ್ನು ಕೋನವಾಗಿ ಜೋಡಿಸಿದ್ದು. ಇಲ್ಲಿರುವುದು ಗುಂಡಗೆ ಬಾಗಿ, ಹಿಂದಿನ ಮೈಯೊಂದಿಗೆ ಒಂದೇ ಸಾಲಿನಲ್ಲಿ ಕೂಡುತ್ತದೆ. ಹಾಗಾಗಿ ಕಾರು 1917ರ ಮಾದರಿ ಅಥವಾ ಆಮೇಲಿನದು.

ಕೊನೆಯ ಗಡಿ ಇಷ್ಟು ಗಟ್ಟಿಯಲ್ಲ. 1924ರ ಮಾದರಿಯಲ್ಲಿ ರೇಡಿಯೇಟರ್ ಎತ್ತರವಾಗಿ, ಅದರ ಬುಡಕ್ಕೆ ಒಂದು ತಗಡಿನ ಪಟ್ಟಿ ಬಂತು. ಇಲ್ಲಿ ಅಂಥದ್ದು ಕಾಣುವುದಿಲ್ಲ. ಅಮೆರಿಕದ ಕಾಲಾನುಕ್ರಮವನ್ನು ಕೆನಡಾದ ಕಾರಿಗೆ ಹಾಗೆಯೇ ಅನ್ವಯಿಸುವುದರಲ್ಲಿ ಅಪಾಯವಿದೆ ಎಂಬ ಎಚ್ಚರದೊಡನೆ, ತಯಾರಿಕೆಯನ್ನು 1917-1923ರ ನಡುವೆ ಇಡಬಹುದು.

6. ಹಿಂಬದಿಯ ಬರಹ

ಅರವತ್ತು ಸಂವತ್ಸರಗಳಲ್ಲಿ ‘ಕ್ರೋಧ’ದಿಂದ ಆರಂಭವಾಗುವ ಹೆಸರುಗಳು ಎರಡು: 38ನೆಯ ಕ್ರೋಧಿ, 59ನೆಯ ಕ್ರೋಧನ. ಈ ಸುತ್ತಿನಲ್ಲಿ ಕ್ರೋಧಿ ಶಕ 1826, ಅಂದರೆ 1904-05. ಕ್ರೋಧನ ಶಕ 1847, ಅಂದರೆ 1925ರ ಯುಗಾದಿಯಿಂದ 1926ರ ಯುಗಾದಿಯವರೆಗೆ. ಕಾರಿನ ಸಾಕ್ಷ್ಯ ಕ್ರೋಧನಕ್ಕೆ ಮಾತ್ರ ಹೊಂದುತ್ತದೆ. ಆದರೆ ಇದು ಚಿತ್ರ ತೆಗೆದ ವರ್ಷವಾಗಿರಬಹುದೇ ಹೊರತು ಕಾರು ಕೊಂಡ ವರ್ಷವೆಂದು ಹೇಳಲಾಗದು. ಮೇಲಿನ ಲೆಕ್ಕ ಸರಿಯಿದ್ದರೆ, ಚಿತ್ರ ತೆಗೆಯುವಾಗ ಕಾರಿಗೆ ಕನಿಷ್ಠ ಒಂದೆರಡು ವರ್ಷ ತುಂಬಿತ್ತು. ಬೇರೆಯವರಿಂದ ಕೊಂಡ ಕಾರು ಎಂಬ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

7. ಸ್ಥಳ

ಚಿತ್ರ ಗಜೇಂದ್ರಗಡದಲ್ಲಿ ತೆಗೆದದ್ದೆಂದು ಮನೆಮಾತು. ‘ಆ’ ಚಿತ್ರದ ಹಿನ್ನೆಲೆಯಲ್ಲಿ ಮಸುಕಾದ ಗುಡ್ಡವಿದೆ. ರೋಣದ ಸುತ್ತಿನ ಎರೆಭೂಮಿ ಬಯಲಿಗೆ ಅದು ಒಪ್ಪುವುದಿಲ್ಲ. ಗಜೇಂದ್ರಗಡವೂ ಆಗಬಹುದು, ಒಂಟಿ ಗುಡ್ಡದ ನರಗುಂದವೂ ಆಗಬಹುದು.

8. ನೋಂದಣಿ

ನಂಬರ್ ಪ್ಲೇಟಿನ ಅಕ್ಷರಗಳು ಓದುವಂತಿಲ್ಲ. ರೋಣ, ನರಗುಂದ, ಗಜೇಂದ್ರಗಡ ಮೂರೂ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ 1914ರ ಮೋಟಾರು ವಾಹನ ಕಾಯ್ದೆಯ ಅಡಿಯ ದಾಖಲೆಗಳನ್ನು ಮೈಸೂರಿನ ಕಡತಗಳಲ್ಲಿ ಹುಡುಕಿ ಫಲವಿಲ್ಲ. ನರಗುಂದ ಸಂಸ್ಥಾನ 1858ರ ಬಂಡಾಯದ ನಂತರವೇ ಬ್ರಿಟಿಷರ ವಶವಾದರೂ, ನೆರೆಯ ರಾಮದುರ್ಗ 1948ರವರೆಗೆ ಸಂಸ್ಥಾನವಾಗಿಯೇ ಉಳಿದಿತ್ತು. ಕಾರು ಅಲ್ಲಿಂದ ಬಂದಿದ್ದರೆ ಹುಡುಕಾಟದ ದಾರಿಯೂ ಬೇರೆ. ಕೆನಡಾದ ಮಾಡೆಲ್ ಟಿ ಎಂಜಿನ್ ಸಂಖ್ಯೆಗಳು ‘ಸಿ’ ಅಕ್ಷರದಿಂದ ಆರಂಭವಾಗುತ್ತವೆ. ಮನೆಯ ಹಳೆಯ ತೆರಿಗೆ ರಸೀದಿಗಳಲ್ಲಿ ಅಂಥ ಸಂಖ್ಯೆಯೊಂದು ಸಿಕ್ಕರೆ 4 ಮತ್ತು 5ನೆಯ ವಿಭಾಗಗಳ ನಿರ್ಣಯಗಳನ್ನು ನೇರವಾಗಿ ಪರೀಕ್ಷಿಸಬಹುದು.