ಪರದೇಶದ ಪೇಟೆಯಲ್ಲಿ ಅಯ್ಯಾವೊಳೆಯ ಹೆಸರು

ಕಳಂಬೋಲಿಯ ಕಬ್ಬಿಣದ ಪೇಟೆಗೆ ಸರಕಿನ ಲಾರಿಗಳು ಬರುವುದನ್ನು ನಿತ್ಯವೂ ಕಾಣುವ ನಮಗೆ, ನಮ್ಮ ನಾಡಿನ ಹಳೆಯ ವರ್ತಕರ ನೆನಪಾಗುವುದು ಸಹಜವೇ. ಬಾದಾಮಿಯ ಸಮೀಪದ ಐಹೊಳೆಯೇ ಅಂದಿನ ಅಯ್ಯಾವೊಳೆ. ಆ ಊರಿನ ಹೆಸರು ಹೊತ್ತ ‘ಐನೂರ್ವರು’ ಎಂಬ ವರ್ತಕ ಸಂಘವು ಕಡಲಾಚೆಗೂ ವ್ಯಾಪಾರ ಬೆಳೆಸಿತು. ಕರ್ಪೂರಕ್ಕೆ ಹೆಸರಾದ ಸುಮಾತ್ರಾ ದ್ವೀಪದ ಬಾರೂಸ್ ಬಳಿ ಅವರ 1088ರ ಶಾಸನ ದೊರೆತಿದೆ. ಹಡಗಿನವರು ಕಸ್ತೂರಿಯ ಬೆಲೆಗನುಸಾರ ಚಿನ್ನದಲ್ಲಿ ಸುಂಕ ತೆರಬೇಕೆಂದು ಅದು ವಿಧಿಸುತ್ತದೆ. ಶಾಸನದ ಭಾಷೆ ತಮಿಳು; ಆದರೂ ಐನೂರ್ವರೆಂಬ ಹೆಸರು ಅಳಿದಿಲ್ಲ. ನಾನಾ ನಾಡಿನ ವರ್ತಕರು ಆ ಒಂದೇ ಹೆಸರಿನಡಿ ಕೂಡಿದ್ದರು. ನಾವೂ ಪೇಟೆಯಲ್ಲಿ ಮರಾಠಿ ಆಡೋಣ, ನೆರೆಯವರೊಡನೆ ಬೆರೆಯೋಣ. ಆದರೆ ಮನೆಯಲ್ಲಿ ಕನ್ನಡವನ್ನೇ ಮರೆತರೆ, ನಮ್ಮ ಮಕ್ಕಳಿಗೆ ಅಯ್ಯಾವೊಳೆ ಯಾರ ಊರಾದೀತು?