ಸತ್ತ ಮೇಲೆ ಮರವಾಗಬಹುದೇ? ಪರಿಸರಸ್ನೇಹಿ ಅಂತ್ಯಕ್ರಿಯೆಯಲ್ಲಿ ನಿಜ ಯಾವುದು, ಸುಳ್ಳು ಯಾವುದು

ಬಿಳಿ ಮೊಟ್ಟೆಯಂಥ ಗೂಡಿನೊಳಗೆ ಮಗುವಿನ ಹಾಗೆ ಮುದುಡಿ ಮಲಗಿದ ದೇಹ. ಗೂಡು ಮಣ್ಣಿನ ಕೆಳಗೆ, ಅದರ ಮೇಲೆ ಸೊಂಪಾದ ಮರ. ಸುಡುವುದೂ ಬೇಡ, ಪೆಟ್ಟಿಗೆಯೂ ಬೇಡ, ಸತ್ತವರು ಮರವಾಗಿ ಬದುಕುತ್ತಾರೆ ಎಂಬ ಒಕ್ಕಣೆಯೊಂದಿಗೆ ಈ ಚಿತ್ರ ಹಲವು ವರ್ಷಗಳಿಂದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಶವ ಸುಡಲು ದೇಶದಲ್ಲಿ ವರ್ಷಕ್ಕೆ 5 ಕೋಟಿ ಮರ ಬಲಿಯಾಗುತ್ತವೆ, ಬೆರಣಿಯಲ್ಲಿ ಸುಟ್ಟರೆ ಮಾಲಿನ್ಯವೇ ಇಲ್ಲ ಎಂಬ ಸಂದೇಶಗಳೂ ಅದರ ಹಿಂದೆಯೇ ಬರುತ್ತವೆ.

ಕುಂದಾಪುರ ತಾಲೂಕಿನ ಗುಲ್ವಾಡಿಯಂಥ ಊರಿನವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಆಸಾಡಿಯ ಮಳೆ ಹೊಯ್ಯುವಾಗ ಮನೆಯಲ್ಲಿ ಸಾವಾದರೆ ಒಣ ಕಟ್ಟಿಗೆ ಎಲ್ಲಿಂದ ತರುವುದು? ಜಾಗ ಇದ್ದವರು ತೋಟದ ಬದಿಯಲ್ಲಿ ಚಿತೆ ಮಾಡುತ್ತಾರೆ. ಐದು ಸೆಂಟ್ಸ್‌ನಲ್ಲಿ ಮನೆ ಕಟ್ಟಿಕೊಂಡವರು ಎಲ್ಲಿಗೆ ಹೋಗಬೇಕು? ಹಾಗಾಗಿ ಈ ಸಂದೇಶಗಳಲ್ಲಿ ನಿಜವೆಷ್ಟು, ನಮಗೆ ಕೈಗೆಟಕುವ ದಾರಿಗಳು ಯಾವುವು ಎಂದು ಒಂದೊಂದಾಗಿ ನೋಡೋಣ.

ದೇಹದ ಮೇಲೆ ಮರ ಬೆಳೆಸುವ ಗೂಡು ಸಿಗುತ್ತದೆಯೇ?

ಇಲ್ಲ. ಇದರ ಹೆಸರು ಕ್ಯಾಪ್ಸುಲಾ ಮುಂಡಿ. ಇಟಲಿಯ ವಿನ್ಯಾಸಕಾರರಾದ ಆನಾ ಚಿಟೆಲ್ಲಿ ಮತ್ತು ರೌಲ್ ಬ್ರೆಟ್ಜೆಲ್ ಅವರ ಕಲ್ಪನೆ. ಇಡೀ ದೇಹವನ್ನು ಇಡುವ ಗೂಡು ಇನ್ನೂ ಕಲ್ಪನೆಯ ಹಂತದಲ್ಲೇ ಇದೆ. ಮಾರಾಟವಾಗುತ್ತಿರುವುದು ಬೂದಿ ತುಂಬಿಸುವ ಚಿಕ್ಕ ಕರಂಡಿಕೆ ಮಾತ್ರ. ಅಂದರೆ ದೇಹವನ್ನು ಮೊದಲು ಸುಡಲೇಬೇಕು.

ಚಿತಾಭಸ್ಮ ಗಿಡಕ್ಕೆ ಒಳ್ಳೆಯ ಗೊಬ್ಬರ ಎಂಬ ಮಾತೂ ಪೂರ್ತಿ ಸರಿಯಲ್ಲ. ಅದರಲ್ಲಿ ಹೆಚ್ಚಿನ ಪಾಲು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್. ಉಪ್ಪಿನಂಶ ಮತ್ತು ಕ್ಷಾರಗುಣ ಜಾಸ್ತಿ ಇರುವುದರಿಂದ ಬರಿಯ ಬೂದಿ ಎಳೆಯ ಬೇರಿಗೆ ತೊಂದರೆ ಕೊಡುತ್ತದೆ. ನೆನಪಿಗೆ ಗಿಡ ನೆಡುವ ಆಸೆ ಇದ್ದರೆ ಸ್ವಲ್ಪ ಬೂದಿಯನ್ನು ಬೇಕಾದಷ್ಟು ಮಣ್ಣು, ಕಾಂಪೋಸ್ಟ್ ಜೊತೆ ಬೆರೆಸಬೇಕು.

ವರ್ಷಕ್ಕೆ 5 ಕೋಟಿ ಮರ: ಲೆಕ್ಕ ಸರಿಯೇ?

ಇದು ಎಣಿಸಿ ಹೇಳಿದ ಸಂಖ್ಯೆಯಲ್ಲ, ಅಂದಾಜು. ನಾವೇ ಭಾಗಿಸಿ ನೋಡಬಹುದು. ದೇಶದಲ್ಲಿ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಸಾವುಗಳು ದಾಖಲಾಗುತ್ತವೆ. ಹೂಳುವವರನ್ನೂ ವಿದ್ಯುತ್ ಚಿತಾಗಾರಕ್ಕೆ ಒಯ್ಯುವವರನ್ನೂ ಸೇರಿಸಿಯೇ ಭಾಗಿಸಿದರೂ ಒಂದು ದೇಹಕ್ಕೆ ಸುಮಾರು ಆರು ಮರ ಬರುತ್ತದೆ. ತೆರೆದ ಚಿತೆಗೆ ಸಾಮಾನ್ಯವಾಗಿ 4ರಿಂದ 6 ಕ್ವಿಂಟಾಲ್ ಕಟ್ಟಿಗೆ ಬೇಕು. ಬಲಿತ ಮಾವಿನ ಮರ ಒಂದೇ ಅಷ್ಟು ಕೊಡಬಲ್ಲದು. ಹಾಗಾಗಿ ಈ ಸಂಖ್ಯೆಯನ್ನು ಹಾಗೆಯೇ ನಂಬಿ ಮುಂದಕ್ಕೆ ಕಳಿಸಬೇಡಿ.

ಆದರೆ ಕಟ್ಟಿಗೆ ಪೋಲಾಗುವುದು ನಿಜ. ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಮೊದಲು ಅದು ಆವಿಯಾಗಬೇಕು. ತೆರೆದ ಚಿತೆಯ ಶಾಖದ ದೊಡ್ಡ ಪಾಲು ಸುತ್ತಲಿನ ಗಾಳಿಗೆ ಹೋಗಿಬಿಡುತ್ತದೆ. ಕಟ್ಟಿಗೆ ಹಸಿಯಾಗಿದ್ದರೆ ಅದರ ನೀರನ್ನೂ ಬೆಂಕಿಯೇ ಒಣಗಿಸಬೇಕು. ಮಳೆಗಾಲದಲ್ಲಿ ಡೀಸೆಲ್, ಟಯರ್ ಹಾಕುವ ಅಭ್ಯಾಸ ಶುರುವಾಗುವುದು ಇಲ್ಲಿಂದಲೇ. ಟಯರ್ ಹೊಗೆಯಲ್ಲಿ ಗಂಧಕದ ಆಕ್ಸೈಡುಗಳು ಮತ್ತು ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ. ಅದನ್ನು ಉಸಿರಾಡುವವರು ಚಿತೆಯ ಸುತ್ತ ನಿಂತ ಮನೆಯವರೇ.

ಬೆರಣಿಯಿಂದ ಮಾಲಿನ್ಯ ಇಲ್ಲವೇ?

ಇದೆ. ಬೆರಣಿ ಬಳಸಿದರೆ ಮರ ಉಳಿಯುತ್ತದೆ ಎಂಬುದು ಸರಿ. ಆದರೆ ಒಣ ಕಟ್ಟಿಗೆಗಿಂತ ಬೆರಣಿಯ ಶಾಖ ಕಡಿಮೆ, ಬೂದಿ ಜಾಸ್ತಿ. ಅಷ್ಟೇ ಶಾಖಕ್ಕೆ ಹೋಲಿಸಿದರೆ ಹೊಗೆಯ ಸೂಕ್ಷ್ಮ ಕಣಗಳೂ ಬೆರಣಿಯಲ್ಲೇ ಹೆಚ್ಚು.

ನಮ್ಮ ಕಡೆ ಆಗಲೇ ಇರುವ ದಾರಿಗಳು

*ಸಿಲಿಕಾನ್ ಚೇಂಬರ್:* ಕರಾವಳಿಯ ಹಲವು ರುದ್ರಭೂಮಿಗಳಲ್ಲಿ ಈ ಹೆಸರಿನ ಚಿತಾಗಾರ ಕಾಣಸಿಗುತ್ತದೆ. ಎಷ್ಟೋ ಊರುಗಳಿಗೆ ಇದನ್ನು ಕೊಡಿಸಲು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನೆರವಾಗಿದೆ. ಶಾಖ ತಡೆದುಕೊಳ್ಳುವ ಪೆಟ್ಟಿಗೆಯಂಥ ರಚನೆಯೊಳಗೆ ದೇಹವನ್ನಿಟ್ಟು ಕಟ್ಟಿಗೆ, ತೆಂಗಿನ ಗೆರಟೆ ಹಾಕಿ ಸುಡುತ್ತಾರೆ. ಶಾಖ ಒಳಗೇ ಉಳಿಯುವುದರಿಂದ ಕಟ್ಟಿಗೆ ಕಡಿಮೆ ಸಾಕು, ಸಮಯವೂ ಉಳಿಯುತ್ತದೆ. ಮೇಲೆ ಮಾಡು ಇದ್ದರೆ ಮಳೆಯ ಚಿಂತೆಯಿಲ್ಲ. ದೆಹಲಿಯ ಮೋಕ್ಷದಾ ಸಂಸ್ಥೆ 1992ರಿಂದ ಪ್ರಚಾರ ಮಾಡುತ್ತಿರುವುದೂ ಇದೇ ತತ್ವವನ್ನು. ಅವರ ಚಿತಾಗಾರದಲ್ಲಿ 150ರಿಂದ 200 ಕಿಲೋ ಕಟ್ಟಿಗೆಯಲ್ಲಿ ದಹನ ಮುಗಿಯುತ್ತದೆ.

*ಮನೆಗೇ ಬರುವ ಯಂತ್ರ:* ಬೈಂದೂರು ತಾಲೂಕಿನ ಮುದೂರಿನಲ್ಲಿ ಅಲ್ಲಿನ ಸಹಕಾರಿ ಸಂಘ 2022ರಲ್ಲಿ ಸಂಚಾರಿ ಶವದಹನ ಯಂತ್ರವೊಂದನ್ನು ತರಿಸಿತು. ಕೇರಳದಲ್ಲಿ ತಯಾರಾದ ಇದು ಅಡುಗೆ ಅನಿಲದಿಂದ ಉರಿಯುತ್ತದೆ. ವಾಹನದಲ್ಲಿ ಮನೆಯಂಗಳಕ್ಕೆ ಒಯ್ಯಬಹುದು. ಸುಮಾರು ಎರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಸ್ಮಶಾನ ದೂರವಿರುವ, ಚಿತೆಗೆ ಜಾಗವಿಲ್ಲದ ಮನೆಗಳಿಗೆ ಇಂಥ ಯಂತ್ರವೇ ಆಸರೆ.

*ಸರಳವಾಗಿ ಹೂಳುವುದು:* ವಿದೇಶಗಳಲ್ಲಿ ಈಗ ಹಸಿರು ಸಮಾಧಿ ಎಂದು ಹೊಸದಾಗಿ ಪ್ರಚಾರವಾಗುತ್ತಿರುವುದು ನಮ್ಮಲ್ಲಿ ಹಳೆಯ ಪದ್ಧತಿ. ಮುಸ್ಲಿಮರು ಕಫನ್ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತಾರೆ. ಲಿಂಗಾಯತರು ದೇಹವನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ರಾಸಾಯನಿಕ ತುಂಬುವುದಿಲ್ಲ, ಲೋಹದ ಪೆಟ್ಟಿಗೆ ಇಲ್ಲ, ಕಾಂಕ್ರೀಟ್ ಇಲ್ಲ. ಕರಾವಳಿಯಲ್ಲಿ ಗಮನಿಸಬೇಕಾದದ್ದು ನೀರು. ಇಲ್ಲಿ ಮನೆಗೊಂದು ಬಾವಿ, ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲೆ. ಕುಡಿಯುವ ನೀರಿನ ಬಾವಿಯಿಂದ ಸಮಾಧಿ 250 ಮೀಟರ್ ದೂರವಿರಬೇಕು, ಗುಂಡಿಯ ತಳ ಅಂತರ್ಜಲಕ್ಕಿಂತ ಕನಿಷ್ಠ ಒಂದು ಮೀಟರ್ ಮೇಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯ 1998ರ ವರದಿ ಹೇಳುತ್ತದೆ. ಆದ್ದರಿಂದ ಮನೆಯ ಹಿತ್ತಲಿಗಿಂತ ಊರಿನ ಸ್ಮಶಾನವೇ ಸೂಕ್ತ.

*ದೇಹದಾನ:* ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ದೇಹ ಕೊಡಲು 1957ರ ಕರ್ನಾಟಕ ಅಂಗರಚನಾಶಾಸ್ತ್ರ ಕಾಯ್ದೆಯಡಿ ಅವಕಾಶವಿದೆ. ನಮಗೆ ಹತ್ತಿರದಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗವಿದೆ. ಬದುಕಿರುವಾಗಲೇ ಅರ್ಜಿ ತುಂಬಿಡಬಹುದು. ಆದರೆ ದೇಹ ಒಪ್ಪಿಸುವವರು ಮನೆಯವರು. ಅವರಿಗೆ ಮನಸ್ಸಿಲ್ಲದಿದ್ದರೆ ಅರ್ಜಿ ಕಪಾಟಿನಲ್ಲೇ ಉಳಿಯುತ್ತದೆ. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಪ್ರಕರಣಗಳಲ್ಲಿ, ಕೆಲವು ಸೋಂಕು ರೋಗಗಳಲ್ಲಿ ದೇಹವನ್ನು ಸ್ವೀಕರಿಸುವುದಿಲ್ಲ. ನೇತ್ರದಾನದ ಲೆಕ್ಕ ಬೇರೆ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆದರೆ ಸಾಕು, ಆಮೇಲೆ ಸುಡಬಹುದು, ಹೂಳಲೂಬಹುದು.

ಗ್ಯಾಸ್ ಕೂಡ ಮಾಲಿನ್ಯವೇ ಅಲ್ಲವೇ?

ಹೌದು, ಆದರೆ ಪ್ರಮಾಣ ನೋಡಿ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ದಹನಕ್ಕೆ ಮನೆಯ ಒಂದು ಸಿಲಿಂಡರ್‌ನಷ್ಟು, ಅಂದರೆ 14 ಕಿಲೋ ಬೇಕೆಂದು ಇಟ್ಟುಕೊಂಡರೂ 42 ಕಿಲೋ ಆಯಿತು. ಒಂದು ಕಿಲೋ ಕಟ್ಟಿಗೆಗೆ ಒಂದೂವರೆ ಕಿಲೋ ಎಂದು ಹಿಡಿದರೆ 4 ಕ್ವಿಂಟಾಲ್ ಕಟ್ಟಿಗೆಯಿಂದ 600 ಕಿಲೋ. ಕಡಿದ ಮರದ ಜಾಗದಲ್ಲಿ ಇನ್ನೊಂದು ಬೆಳೆದರೆ ಈ 600 ಕಿಲೋ ನಿಧಾನಕ್ಕೆ ಮತ್ತೆ ಮರ ಸೇರುತ್ತದೆ ಎಂಬುದು ಸರಿ. ಆದರೆ ಅದಕ್ಕೆ ಹಲವು ವರ್ಷ ಬೇಕು, ಮರ ನೆಡುವವರೂ ಬೇಕು. ಹೊಗೆಯಂತೂ ಅವತ್ತೇ ಬರುತ್ತದೆ.

ಯಂತ್ರದಲ್ಲಿ ಸುಟ್ಟರೆ, ದೇಹ ದಾನ ಮಾಡಿದರೆ ಕರ್ಮಕ್ಕೆ ಲೋಪವೇ?

ಎಷ್ಟೋ ಮನೆಗಳಲ್ಲಿ ಹಿಂಜರಿಕೆ ಇರುವುದು ಇಲ್ಲೇ. ಗ್ಯಾಸ್, ವಿದ್ಯುತ್, ಸಿಲಿಕಾನ್ ಚೇಂಬರ್ ಮೂರರಲ್ಲೂ ಮೂಳೆಯ ಚೂರು, ಬೂದಿ ಉಳಿಯುತ್ತದೆ. ಅಸ್ಥಿಸಂಚಯ ಮಾಡಬಹುದು. ಒಂದು ದೇಹ ಮುಗಿದ ಮೇಲೆ ಬೂದಿ ತೆಗೆದು ಇನ್ನೊಂದನ್ನು ಇಡುವುದರಿಂದ ಬೇರೆಯವರದ್ದು ಬೆರೆಯುತ್ತದೆ ಎಂಬ ಭಯ ಬೇಡ. ಇನ್ನು ದೇಹವೇ ಸಿಗದಿದ್ದಾಗ ದರ್ಭೆಯ ಪ್ರತಿಕೃತಿ ಮಾಡಿ ಉತ್ತರಕ್ರಿಯೆ ನಡೆಸುವ ಕ್ರಮ ಹಿಂದಿನಿಂದಲೂ ಇದೆ. ನಿಮ್ಮ ಮನೆಯ ಪುರೋಹಿತರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನೀರಿನಲ್ಲಿ ಕರಗಿಸುವುದು, ಗೊಬ್ಬರ ಮಾಡುವುದು?

ಇವೆರಡೂ ನಿಜ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2021ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರ ದೇಹವನ್ನು ಸುಡದೆ, ಬಿಸಿನೀರು ಮತ್ತು ಕ್ಷಾರದಲ್ಲಿ ಕರಗಿಸುವ ಅಕ್ವಾಮೇಶನ್ ವಿಧಾನ ಬಳಸಲಾಯಿತು. ಇದರಲ್ಲಿ ಆಸಿಡ್ ಹಾಕುತ್ತಾರೆ ಎಂಬುದು ತಪ್ಪು. ಬಳಸುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಕೊನೆಗೆ ಮೂಳೆ ಉಳಿಯುತ್ತದೆ, ಅದನ್ನು ಪುಡಿ ಮಾಡಿ ಕೊಡುತ್ತಾರೆ. ಮರದ ಚೂರು, ಹುಲ್ಲಿನ ನಡುವೆ ದೇಹವನ್ನಿಟ್ಟು ಕೆಲವು ವಾರಗಳಲ್ಲಿ ಮಣ್ಣಾಗಿಸುವ ವಿಧಾನಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಕಾನೂನು ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಮನುಷ್ಯರಿಗೆ ಇವು ಬಳಕೆಗೆ ಬಂದಿಲ್ಲ.

ಈಗಲೇ ಮಾಡಿಡಬಹುದಾದದ್ದು

- ನಿಮ್ಮ ಗ್ರಾಮ ಪಂಚಾಯತಿಯ ರುದ್ರಭೂಮಿ ಎಲ್ಲಿದೆ, ಅಲ್ಲಿ ಚೇಂಬರ್, ಮಾಡು, ನೀರು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಮುದೂರಿನ ಉದಾಹರಣೆ ಕೊಡಿ.
- ಚಿತೆಯೇ ಆಗಬೇಕೆಂದಿದ್ದರೆ ಒಣ ಕಟ್ಟಿಗೆ, ಗೆರಟೆ ಮಾತ್ರ ಬಳಸಿ. ಟಯರ್, ಪ್ಲಾಸ್ಟಿಕ್, ನೈಲಾನ್ ಬಟ್ಟೆ ಬೇಡ.
- ಮೃತರ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ವೈದ್ಯರಿಂದ ತೆಗೆಸಿ. ಬೆಂಕಿಯಲ್ಲಿ ಅದು ಸಿಡಿಯಬಹುದು.
- ನಿಮಗೆ ಏನು ಬೇಕೆಂದು ಮನೆಯವರಿಗೆ ಬಾಯಿ ಬಿಟ್ಟು ಹೇಳಿ, ಬರೆದೂ ಇಡಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಾವಾದ ಹೊತ್ತಿನಲ್ಲಿ ಮನೆಯವರಿಗೆ ಯೋಚಿಸಲು ವ್ಯವಧಾನ ಇರುವುದಿಲ್ಲ. ನೆಂಟರು, ನೆರೆಕರೆಯವರು ಹೇಗೆ ಹೇಳಿದರೆ ಹಾಗೆ ನಡೆದುಹೋಗುತ್ತದೆ, ಹಿತ್ತಲಿನ ಮಾವಿನ ಮರಕ್ಕೆ ಕೊಡಲಿ ಬೀಳುತ್ತದೆ. ಮೊಟ್ಟೆಯ ಗೂಡಿನ ಚಿತ್ರವನ್ನು ಮತ್ತೊಂದು ಗುಂಪಿಗೆ ಕಳಿಸುವ ಮೊದಲು, ನಿಮ್ಮ ಮನೆಯ ಹಿರಿಯರ ಹತ್ತಿರ ಈ ಮಾತು ಎತ್ತಿ ನೋಡಿ.